ವಿಶ್ವವಿದ್ಯಾಲಯದ ಶೈಕ್ಷಣಿಕ ಸಲಹೆಗಾರರಿಗೆ ವೃತ್ತಿ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ವಿಷಯ ಓದಬೇಕು, ಒಂದು ಸೆಮಿಸ್ಟರಿನಲ್ಲಿ ಎಷ್ಟು ಕ್ರೆಡಿಟ್ ಹೊರಬಹುದು, ಫಲಿತಾಂಶ ಕೈಕೊಟ್ಟಾಗ ಮುಂದೇನು ಎಂಬುದನ್ನು ವಿದ್ಯಾರ್ಥಿಯ ಜೊತೆ ಕುಳಿತು ಯೋಚಿಸುವವರು ಶೈಕ್ಷಣಿಕ ಸಲಹೆಗಾರರು. ಈ ಕೆಲಸಕ್ಕೆ ಹೊಸದಾಗಿ ಬಂದವರು, ಪಾಠದ ಜೊತೆಗೆ ಇದನ್ನೂ ವಹಿಸಿಕೊಂಡವರು ಮತ್ತು ಅವರಿಗೆಲ್ಲ ತರಬೇತಿ ಏರ್ಪಡಿಸಬೇಕಾದವರು ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಬಹುದು.

## ಆರಂಭದ ಪ್ರಶ್ನೆಗಳು

ಕೋರ್ಸ್ ಪಟ್ಟಿ ನೋಡಿ ಇದನ್ನು ತೆಗೆದುಕೋ, ಅದನ್ನು ಬಿಡು ಎನ್ನುವುದಕ್ಕೆ ತರಬೇತಿ ಯಾಕೆ ಬೇಕು?

ಕೆಲಸ ಅಷ್ಟೇ ಆಗಿದ್ದರೆ ಒಂದು ಒಳ್ಳೆಯ ಕೈಪಿಡಿ ಸಾಕಾಗುತ್ತಿತ್ತು. ಆದರೆ ವಿದ್ಯಾರ್ಥಿ ಬಾಯಿಬಿಟ್ಟು ಕೇಳುವ ಪ್ರಶ್ನೆಯ ಹಿಂದೆ ಬಹಳ ಸಲ ಕೇಳದೇ ಉಳಿದ ಇನ್ನೊಂದು ಪ್ರಶ್ನೆ ಇರುತ್ತದೆ. "ಗಣಿತದ ಕೋರ್ಸ್ ಬಿಡಲು ಕೊನೆಯ ದಿನ ಯಾವುದು?" ಎಂದು ಕೇಳುವ ವಿದ್ಯಾರ್ಥಿನಿಗೆ ದಿನಾಂಕ ಹೇಳಿ ಕಳುಹಿಸಲು ಅರ್ಧ ನಿಮಿಷ ಸಾಕು. ಯಾಕೆ ಬಿಡಬೇಕೆನಿಸಿತು ಎಂದು ವಿಚಾರಿಸಿದರೆ ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದು, ಸಂಜೆ ಮಾಡುವ ಕೆಲಸದ ಪಾಳಿ ಬದಲಾಗಿ ತರಗತಿ ತಪ್ಪುತ್ತಿರುವುದು ಒಂದೊಂದಾಗಿ ಹೊರಬರುತ್ತವೆ. ಈ ಕೋರ್ಸ್ ಬಿಟ್ಟರೆ ಮುಂದಿನ ವರ್ಷದ ಮೂರು ಕೋರ್ಸ್‌ಗಳಿಗೆ ಪ್ರವೇಶವೇ ಸಿಗುವುದಿಲ್ಲ ಎಂಬುದು ಅವಳಿಗೆ ಗೊತ್ತೇ ಇರುವುದಿಲ್ಲ.

ಅಮೆರಿಕದ ಶಿಕ್ಷಣತಜ್ಞ ಟೆರ್ರಿ ಒಬ್ಯಾನಿಯನ್ 1972ರಲ್ಲಿ ಶೈಕ್ಷಣಿಕ ಸಲಹೆಯನ್ನು ಐದು ಹಂತಗಳಾಗಿ ವಿವರಿಸಿದರು. ಮೊದಲು ಬದುಕಿನ ಗುರಿಗಳ ಬಗ್ಗೆ ವಿದ್ಯಾರ್ಥಿ ಯೋಚಿಸಬೇಕು, ಆಮೇಲೆ ವೃತ್ತಿಯ ಬಗ್ಗೆ. ಅದರಿಂದ ಪದವಿಯ ಆಯ್ಕೆ, ಪದವಿಯಿಂದ ಕೋರ್ಸ್‌ಗಳ ಆಯ್ಕೆ, ಕೊನೆಗೆ ವೇಳಾಪಟ್ಟಿ. ಬಹಳಷ್ಟು ಸಲಹಾ ಕೊಠಡಿಗಳಲ್ಲಿ ಮಾತು ಕೊನೆಯ ಎರಡು ಹಂತಗಳಿಂದ ಶುರುವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಉಳಿದ ಮೂರು ಹಂತಗಳ ಮಾತನ್ನು ಆಡಲು ಬರಬೇಕು ಎಂಬುದಕ್ಕಾಗಿಯೇ ತರಬೇತಿ ಬೇಕು.

ನಾನು ವರ್ಷಗಳಿಂದ ಪಾಠ ಮಾಡುತ್ತಿರುವ ಪ್ರಾಧ್ಯಾಪಕಿ. ವಿದ್ಯಾರ್ಥಿಗಳು ನನಗೆ ಹೊಸಬರಲ್ಲ. ನನಗೂ ಇದು ಬೇಕೇ?

ಬೇಕು, ಆದರೆ ಹೊಸಬರಿಗೆ ಕೊಡುವಂಥದ್ದೇ ಬೇಕಾಗಿಲ್ಲ. ತರಗತಿಯಲ್ಲಿ ನೀವು ವಿಷಯದ ಅಧಿಕಾರದಿಂದ ಮಾತನಾಡುತ್ತೀರಿ, ಅದು ಅಲ್ಲಿಗೆ ಸರಿ. ಸಲಹೆಯ ಕೊಠಡಿಯಲ್ಲಿ ಚರ್ಚೆಯಾಗುವುದು ವಿದ್ಯಾರ್ಥಿಯ ಬದುಕು. ಅದರ ಬಗ್ಗೆ ಹೆಚ್ಚು ಬಲ್ಲವರು ಅವರೇ. ಉತ್ತರ ಕೊಡುವ ಅಭ್ಯಾಸ ಗಟ್ಟಿಯಾಗಿರುವ ಒಳ್ಳೆಯ ಅಧ್ಯಾಪಕರಿಗೆ ಪ್ರಶ್ನೆ ಕೇಳಿ ಕಾಯುವುದು ಕಷ್ಟವಾಗುತ್ತದೆ. ಇನ್ನೊಂದು ಅಂಶವೂ ಇದೆ: ನಿಮ್ಮ ವಿಭಾಗದ ಪಠ್ಯಕ್ರಮ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ, ಆದರೆ ವಿಭಾಗ ಬದಲಾವಣೆ, ಕ್ರೆಡಿಟ್ ವರ್ಗಾವಣೆ, ಹಣಕಾಸಿನ ನೆರವಿನ ಷರತ್ತುಗಳು ಕಾಲಕಾಲಕ್ಕೆ ಬದಲಾಗುತ್ತಿರುತ್ತವೆ. ಪ್ರಾಧ್ಯಾಪಕರಿಗಾಗಿ ರೂಪಿಸಿದ ತರಬೇತಿ ಈ ಎರಡರ ಮೇಲೆ ಕೇಂದ್ರೀಕೃತವಾಗಿದ್ದರೆ ಅವರ ಸಮಯಕ್ಕೂ ಬೆಲೆ ಕೊಟ್ಟಂತಾಗುತ್ತದೆ.

ಆಪ್ತಸಮಾಲೋಚಕರು ಇದ್ದಾರಲ್ಲ, ಸಲಹೆಗಾರರೂ ಅದನ್ನೇ ಮಾಡುತ್ತಾರೆಯೇ?

ಇಲ್ಲ. ಆಪ್ತಸಮಾಲೋಚಕರು ಮಾನಸಿಕ ಆರೋಗ್ಯದ ತರಬೇತಿ ಪಡೆದವರು, ಅವರ ಕೆಲಸ ಚಿಕಿತ್ಸೆಯ ಸ್ವರೂಪದ್ದು. ಶೈಕ್ಷಣಿಕ ಸಲಹೆಗಾರರ ಕೆಲಸದ ಕೇಂದ್ರದಲ್ಲಿರುವುದು ವಿದ್ಯಾರ್ಥಿಯ ಓದು. ಓದಿಗೆ ಅಡ್ಡಿಯಾಗುವ ದುಃಖ, ಹಣದ ಮುಗ್ಗಟ್ಟು, ಮನೆಯ ತೊಂದರೆ ಇವೆಲ್ಲ ಅವರ ಮುಂದೆ ಬಂದೇ ಬರುತ್ತವೆ. ಅವನ್ನು ಗುರುತಿಸುವುದು ಮತ್ತು ಸರಿಯಾದವರ ಬಳಿಗೆ ವಿದ್ಯಾರ್ಥಿಯನ್ನು ತಲುಪಿಸುವುದು ಅವರ ಹೊಣೆ. ತಾವೇ ಚಿಕಿತ್ಸಕರಾಗಲು ಹೊರಟರೆ ಇಬ್ಬರಿಗೂ ಹಾನಿ. ಒಳ್ಳೆಯ ತರಬೇತಿ ಈ ಗಡಿಯನ್ನು ಮೊದಲ ವಾರದಲ್ಲೇ ಸ್ಪಷ್ಟಪಡಿಸುತ್ತದೆ.

ಇದಕ್ಕೆಂದೇ ಓದು, ಪದವಿ, ಸಂಘ ಏನಾದರೂ ಇದೆಯೇ?

ಇದೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳೇ ವಿಷಯಗಳನ್ನು ಆರಿಸಿಕೊಳ್ಳುವ ಪದ್ಧತಿ ಬೆಳೆದಾಗ, ಆಯ್ಕೆಗೆ ನೆರವಾಗುವ ಅಧ್ಯಾಪಕರನ್ನು ಜಾನ್ಸ್ ಹಾಪ್‌ಕಿನ್ಸ್, ಹಾರ್ವರ್ಡ್‌ನಂಥ ಸಂಸ್ಥೆಗಳು ನೇಮಿಸತೊಡಗಿದವು. ಆದರೆ ಇದು ಪ್ರತ್ಯೇಕ ವೃತ್ತಿಯಾಗಿ ಸಂಘಟಿತವಾದದ್ದು ಬಹಳ ತಡವಾಗಿ. 1977ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಸಲಹೆಗಾರರ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ಫಲವಾಗಿ 1979ರಲ್ಲಿ ನಕಾಡಾ ಎಂಬ ಸಂಘ ಹುಟ್ಟಿತು. ಈಗ ಅದರಲ್ಲಿ ಹಲವು ದೇಶಗಳ ಸದಸ್ಯರಿದ್ದಾರೆ. ಅದರ ಕಚೇರಿ ಇರುವ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯ ಶೈಕ್ಷಣಿಕ ಸಲಹೆಯಲ್ಲಿ ಸರ್ಟಿಫಿಕೇಟ್ ಮತ್ತು ಸ್ನಾತಕೋತ್ತರ ಕೋರ್ಸ್‌ಗಳನ್ನು ನಡೆಸುತ್ತದೆ. ಬ್ರಿಟನ್‌ನಲ್ಲಿ ಯುಕಾಟ್ ಎಂಬ ಸಂಘ ಇದೇ ಕೆಲಸ ಮಾಡುತ್ತಿದೆ. ಆದರೂ ಹೆಚ್ಚಿನವರು ಈ ಕೆಲಸಕ್ಕೆ ಬೇರೆ ಬೇರೆ ವಿಷಯಗಳನ್ನು ಓದಿಯೇ ಬರುತ್ತಾರೆ. ಕೆಲಸದಲ್ಲಿರುವಾಗ ಸಿಗುವ ತರಬೇತಿಗೆ ಇಷ್ಟು ಮಹತ್ವ ಬಂದಿರುವುದು ಆ ಕಾರಣದಿಂದ.

## ತರಬೇತಿಯ ಒಳಹೂರಣ

ತರಬೇತಿಯಲ್ಲಿ ಏನೇನು ಇರಬೇಕು? ನಮ್ಮಲ್ಲಿ ನಿಯಮಾವಳಿಯ ಪ್ರತಿ ಕೊಟ್ಟು ಮುಗಿಸುತ್ತಾರೆ.

ಮೂರು ಬಗೆಯ ಅರಿವು ಇರಬೇಕೆಂಬುದು ಈ ಕ್ಷೇತ್ರದಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. 1980ರ ದಶಕದಲ್ಲಿ ವೆಸ್ ಹ್ಯಾಬ್ಲಿ ಅವರು ಮಾಡಿದ ಈ ವಿಂಗಡಣೆಯನ್ನೇ ಆಧಾರವಾಗಿಟ್ಟುಕೊಂಡು ನಕಾಡಾ 2017ರಲ್ಲಿ ಸಲಹೆಗಾರರ ಮೂಲ ಸಾಮರ್ಥ್ಯಗಳ ಚೌಕಟ್ಟನ್ನು ಪ್ರಕಟಿಸಿತು. ಮೊದಲನೆಯದು ಪರಿಕಲ್ಪನೆಯ ಅರಿವು: ಸಲಹೆ ಎಂದರೇನು, ಅದರ ಇತಿಹಾಸವೇನು, ವಿದ್ಯಾರ್ಥಿಗಳು ಹೇಗೆ ಬೆಳೆಯುತ್ತಾರೆ, ಸಲಹೆಯಿಂದ ಏನನ್ನು ನಿರೀಕ್ಷಿಸಬೇಕು. ಎರಡನೆಯದು ಮಾಹಿತಿಯ ಅರಿವು: ಸಂಸ್ಥೆಯ ನಿಯಮ, ಪಠ್ಯಕ್ರಮ, ಕಾನೂನು, ಕ್ಯಾಂಪಸ್ಸಿನ ನೆರವಿನ ಕೇಂದ್ರಗಳು, ಬಳಸುವ ತಂತ್ರಾಂಶ. ಮೂರನೆಯದು ಸಂಬಂಧದ ಅರಿವು: ಆಲಿಸುವುದು, ಪ್ರಶ್ನೆ ಕೇಳುವುದು, ನಂಬಿಕೆ ಗಳಿಸುವುದು, ಭಿನ್ನ ಹಿನ್ನೆಲೆಯವರೊಂದಿಗೆ ಗೌರವದಿಂದ ನಡೆದುಕೊಳ್ಳುವುದು.

ನಿಯಮಾವಳಿಯ ಪ್ರತಿ ಕೊಟ್ಟು ಮುಗಿಸುವುದೆಂದರೆ ಎರಡನೆಯದನ್ನು, ಅದರಲ್ಲೂ ಅರ್ಧವನ್ನು, ಕೊಟ್ಟಂತಾಯಿತು. ಮಾಹಿತಿ ಹಂಚುವುದು ಸುಲಭ, ಪರೀಕ್ಷಿಸುವುದು ಸುಲಭ, ಹಾಜರಾತಿ ಹಾಕಿ ದಾಖಲೆ ತೋರಿಸುವುದೂ ಸುಲಭ. ಹಾಗಾಗಿ ತರಬೇತಿಗಳು ಅದರಿಂದಲೇ ತುಂಬಿಹೋಗುತ್ತವೆ. ನನ್ನ ಅಭಿಪ್ರಾಯದಲ್ಲಿ ಒಟ್ಟು ತರಬೇತಿ ಸಮಯದ ಕನಿಷ್ಠ ಅರ್ಧ ಭಾಗ ಮೂರನೆಯದಕ್ಕೆ ಮೀಸಲಾಗಬೇಕು. ನಿಯಮ ಗೊತ್ತಿಲ್ಲದ ಸಲಹೆಗಾರ ಹುಡುಕಿ ಹೇಳಬಲ್ಲ. ವಿದ್ಯಾರ್ಥಿ ಎರಡನೇ ಸಲ ಬರದಂತೆ ಮಾತನಾಡಿದ ಸಲಹೆಗಾರನಿಗೆ ಆ ಅವಕಾಶ ಸಿಗುವುದಿಲ್ಲ.

ಕೆಲಸಕ್ಕೆ ಸೇರಿ ಒಂದು ವಾರವಾಯಿತು. ಎಲ್ಲಿಂದ ಶುರು ಮಾಡಲಿ?

ನಿಮ್ಮ ಬಳಿಗೆ ಬರುವ ವಿದ್ಯಾರ್ಥಿಗಳ ಪದವಿಯ ರಚನೆಯನ್ನು ಕೈಯಾರೆ ಬರೆದು ನೋಡಿ: ಯಾವ ಕೋರ್ಸ್‌ಗೆ ಯಾವುದು ಮೊದಲು ಮುಗಿದಿರಬೇಕು, ಯಾವುದು ವರ್ಷಕ್ಕೆ ಒಂದೇ ಸಲ ನಡೆಯುತ್ತದೆ, ಯಾವುದು ತಪ್ಪಿದರೆ ಪದವಿ ಮುಗಿಯುವುದು ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಈ ಚಿತ್ರ ಮನಸ್ಸಿನಲ್ಲಿದ್ದರೆ ಉಳಿದ ನಿಯಮಗಳನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ನಂತರ ನೋಂದಣಿ, ಕೋರ್ಸ್ ಬಿಡುವಿಕೆ, ಶುಲ್ಕ, ನೆರವಿನ ನವೀಕರಣ ಇವುಗಳ ಕೊನೆಯ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ.

ಅದರ ಜೊತೆಗೆ ಅನುಭವಿ ಸಲಹೆಗಾರರೊಬ್ಬರ ಭೇಟಿಗಳಲ್ಲಿ, ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಸುಮ್ಮನೆ ಕುಳಿತು ನೋಡಿ. ಒಬ್ಬರನ್ನೇ ನೋಡಿದರೆ ಅವರ ಶೈಲಿಯೇ ಸರಿ ಎನಿಸಿಬಿಡುತ್ತದೆ. ಸಾಧ್ಯವಾದರೆ ಬೇರೆ ಬೇರೆ ವಿಭಾಗದ ಇಬ್ಬರು ಮೂವರನ್ನು ನೋಡಬೇಕು. ಆಮೇಲೆ ನೀವು ಮಾತನಾಡಿ, ಅವರು ಪಕ್ಕದಲ್ಲಿ ಕುಳಿತಿರಲಿ. ಒಂಟಿಯಾಗಿ ಭೇಟಿ ನಡೆಸುವುದು ಇವೆರಡೂ ಆದ ಬಳಿಕವೇ ಆಗಬೇಕು. ನೋಂದಣಿಯ ಗಡಿಬಿಡಿಯ ವಾರದಲ್ಲಿ ಹೊಸಬರನ್ನು ನೇರವಾಗಿ ಮೇಜಿನ ಮುಂದೆ ಕೂರಿಸುವ ಪದ್ಧತಿ ಹಲವು ಕಡೆ ಇದೆ. ಅದನ್ನು ತಪ್ಪಿಸಲು ಸಾಧ್ಯವಾಗದಿದ್ದರೆ, ಅನುಮಾನ ಬಂದ ಕೂಡಲೇ ಕೇಳಬಹುದಾದ ಒಬ್ಬ ಹಿರಿಯರ ಹೆಸರನ್ನಾದರೂ ಕೇಳಿ ಪಡೆದುಕೊಳ್ಳಿ.

ಇಷ್ಟೊಂದು ನಿಯಮಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆ?

ನೆನಪಿಟ್ಟುಕೊಳ್ಳಬೇಡಿ. ನಿಯಮ ಎಲ್ಲಿ ಬರೆದಿದೆ, ಯಾವ ವರ್ಷ ಸೇರಿದ ತಂಡಕ್ಕೆ ಯಾವ ಆವೃತ್ತಿ ಅನ್ವಯಿಸುತ್ತದೆ, ವಿನಾಯಿತಿ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನು ತಿಳಿದಿರಿ. ನೆನಪಿನಿಂದ ಹೇಳಿದ ನಿಯಮ ಹಳೆಯದಾಗಿದ್ದರೆ ಅದರ ಬೆಲೆ ತೆರುವವರು ವಿದ್ಯಾರ್ಥಿ. "ಖಚಿತಪಡಿಸಿಕೊಂಡು ನಾಳೆ ತಿಳಿಸುತ್ತೇನೆ" ಎಂದು ಹೇಳಿ, ನಾಳೆ ತಿಳಿಸುವುದನ್ನೂ ತರಬೇತಿಯಲ್ಲೇ ರೂಢಿ ಮಾಡಿಸಬೇಕು. ವಿದ್ಯಾರ್ಥಿಯ ಮುಂದೆಯೇ ಪರದೆ ತಿರುಗಿಸಿ ನಿಯಮವನ್ನು ಒಟ್ಟಿಗೆ ಹುಡುಕಿದರೆ ಇನ್ನೂ ಒಳ್ಳೆಯದು; ಮುಂದಿನ ಸಲ ಅವರೇ ಹುಡುಕಿಕೊಳ್ಳುತ್ತಾರೆ.

ಆಲಿಸುವುದು, ಸಹಾನುಭೂತಿ ಇವೆಲ್ಲ ಹುಟ್ಟುಗುಣ. ಇವನ್ನು ತರಬೇತಿಯಲ್ಲಿ ಕಲಿಸಲು ಆಗುತ್ತದೆಯೇ?

ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು, ಬಹುಶಃ ಅತಿ ಮುಖ್ಯವಾದದ್ದೂ ಇದೇ. ಕೆಲವರಿಗೆ ಆಲಿಸುವ ಸ್ವಭಾವ ಹೆಚ್ಚಿರುತ್ತದೆ ಎಂಬುದು ನಿಜ. ಆದರೆ ಸಲಹೆಯ ಕೊಠಡಿಯಲ್ಲಿ ಆಲಿಸುವುದೆಂದರೆ ಕಣ್ಣಿಗೆ ಕಾಣುವ, ಎಣಿಸಬಹುದಾದ ಕೆಲವು ನಡೆಗಳ ಮೊತ್ತ, ನಡೆಗಳನ್ನು ಕಲಿಯಬಹುದು.

ಒಂದು ಉದಾಹರಣೆಯನ್ನು ನೋಡೋಣ. ಎರಡನೇ ವರ್ಷದ ವಿದ್ಯಾರ್ಥಿಯೊಬ್ಬ ಬಂದು, "ಈ ಪದವಿ ಬಿಟ್ಟುಬಿಡೋಣ ಅಂದುಕೊಂಡಿದ್ದೇನೆ" ಎನ್ನುತ್ತಾನೆ. "ಎರಡು ವರ್ಷ ಓದಿ ಈಗ ಬಿಡುವುದೇ?" ಎಂದು ಸಲಹೆಗಾರರು ಕೇಳಿದರೆ ಅವನು ಸಮರ್ಥನೆಗೆ ಇಳಿಯುತ್ತಾನೆ ಅಥವಾ ಸುಮ್ಮನಾಗುತ್ತಾನೆ. "ಸರಿ, ವಿಭಾಗ ಬದಲಾವಣೆಯ ಅರ್ಜಿ ಇಲ್ಲಿದೆ" ಎಂದರೆ ಅವನು ಅರ್ಜಿ ಹಿಡಿದು ಹೋಗುತ್ತಾನೆ, ಕಾರಣ ಅವನ ಜೊತೆಗೇ ಹೋಗುತ್ತದೆ. "ಯಾವಾಗಿನಿಂದ ನಿನಗೆ ಹೀಗನ್ನಿಸುತ್ತಿದೆ?" ಎಂದು ಕೇಳಿ ಐದಾರು ಸೆಕೆಂಡು ತಡೆದರೆ, ಬಹಳ ಸಲ ನಿಜವಾದ ಮಾತು ಹೊರಬರುತ್ತದೆ: ವಿಷಯ ಇಷ್ಟವೇ ಇದೆ, ಆದರೆ ಪ್ರಯೋಗಾಲಯದ ತಂಡದಲ್ಲಿ ಅವನನ್ನು ಯಾರೂ ಸೇರಿಸಿಕೊಳ್ಳುತ್ತಿಲ್ಲ. ಈ ಮೂರು ಪ್ರತಿಕ್ರಿಯೆಗಳ ನಡುವಿನ ಅಂತರ ಸ್ವಭಾವದ್ದಲ್ಲ, ಅಭ್ಯಾಸದ್ದು.

ಅಭ್ಯಾಸ ಮಾಡಿಸುವ ಕ್ರಮ ಸರಳವಾಗಿದೆ. ಮೂರು ಜನರ ಗುಂಪು: ಒಬ್ಬರು ಸಲಹೆಗಾರರು, ಒಬ್ಬರು ವಿದ್ಯಾರ್ಥಿ, ಇನ್ನೊಬ್ಬರು ನೋಡುಗರು. ವಿದ್ಯಾರ್ಥಿಯ ಪಾತ್ರ ವಹಿಸುವವರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಮೊದಲು ಆಡಬೇಕಾದ ಮಾತೂ, ಸರಿಯಾಗಿ ಕೇಳಿದರೆ ಮಾತ್ರ ಹೇಳಬೇಕಾದ ಒಳಗಿನ ಕಾರಣವೂ ಬರೆದಿರುತ್ತದೆ. ನೋಡುಗರು ಒಳ್ಳೆಯದಾಯಿತು, ಕೆಟ್ಟದಾಯಿತು ಎಂದು ತೀರ್ಪು ಕೊಡುವಂತಿಲ್ಲ. ಮೊದಲ ಪರಿಹಾರ ಎಷ್ಟನೇ ನಿಮಿಷದಲ್ಲಿ ಬಂತು, ಹೌದು ಅಥವಾ ಇಲ್ಲ ಎಂದು ಉತ್ತರಿಸಲಾಗದ ಪ್ರಶ್ನೆಗಳು ಎಷ್ಟು, ವಿದ್ಯಾರ್ಥಿಯ ಮಾತನ್ನು ಎಷ್ಟು ಸಲ ತುಂಡರಿಸಲಾಯಿತು ಎಂಬುದನ್ನಷ್ಟೇ ಗುರುತಿಸಿ ಓದಿ ಹೇಳುತ್ತಾರೆ. ನಂತರ ಅದೇ ಸನ್ನಿವೇಶವನ್ನು ಇನ್ನೊಮ್ಮೆ ಮಾಡುತ್ತಾರೆ. ಈ ಎರಡನೇ ಸುತ್ತನ್ನು ಸಮಯವಿಲ್ಲವೆಂದು ಕೈಬಿಡುವ ಕಾರ್ಯಾಗಾರಗಳೇ ಹೆಚ್ಚು. ಆದರೆ ಕಲಿಕೆ ನಡೆಯುವುದು ಆ ಎರಡನೇ ಸುತ್ತಿನಲ್ಲಿಯೇ. ಬೇರೆಯವರ ಮುಂದೆ ಪಾತ್ರ ಮಾಡಲು ಸಂಕೋಚ ಪಡುವವರಿಗೆ ಮೊದಲು ನೋಡುಗರ ಪಾತ್ರ ಕೊಡಬೇಕು. ಬೇರೆಯವರ ಆತುರವನ್ನು ಎಣಿಸುತ್ತಾ ತಮ್ಮದೂ ಅವರಿಗೆ ಕಾಣತೊಡಗುತ್ತದೆ.

ಸಿದ್ಧಾಂತಗಳನ್ನು ಓದಿ ಏನಾಗಬೇಕು? ದಿನನಿತ್ಯದ ಕೆಲಸಕ್ಕೆ ಅವು ಉಪಯೋಗಕ್ಕೆ ಬರುತ್ತವೆಯೇ?

ಮಿತವಾಗಿ ಕಲಿಸಿದರೆ ಬರುತ್ತವೆ. ಬರ್ನ್ಸ್ ಕ್ರುಕ್‌ಸ್ಟನ್ 1972ರಲ್ಲಿ ಎರಡು ಬಗೆಯ ಸಲಹೆಯನ್ನು ಎದುರುಬದುರಾಗಿ ಇಟ್ಟು ತೋರಿಸಿದರು. ಒಂದರಲ್ಲಿ ಸಲಹೆಗಾರರು ವೈದ್ಯರು ಔಷಧಿ ಚೀಟಿ ಬರೆದುಕೊಟ್ಟಂತೆ ಹೇಳುತ್ತಾರೆ, ವಿದ್ಯಾರ್ಥಿ ಪಾಲಿಸುತ್ತಾರೆ. ಇನ್ನೊಂದರಲ್ಲಿ ಇಬ್ಬರೂ ಹೊಣೆ ಹಂಚಿಕೊಂಡು ಯೋಚಿಸುತ್ತಾರೆ, ವಿದ್ಯಾರ್ಥಿಯ ಬೆಳವಣಿಗೆಯೇ ಅಲ್ಲಿ ಗುರಿ. ಸಲಹೆಯೂ ಒಂದು ಬಗೆಯ ಬೋಧನೆ ಎಂಬ ಅವರ ನಿಲುವು ಇಂದಿಗೂ ಈ ಕ್ಷೇತ್ರದ ಅಡಿಪಾಯವಾಗಿದೆ. 1970ರ ದಶಕದಲ್ಲೇ ರಾಬರ್ಟ್ ಗ್ಲೆನೆನ್, ವಿದ್ಯಾರ್ಥಿ ತೊಂದರೆಗೆ ಸಿಕ್ಕಿ ಬಾಗಿಲು ತಟ್ಟುವವರೆಗೆ ಕಾಯದೆ ಸಲಹೆಗಾರರೇ ಮುಂದಾಗಿ ಕರೆಯಬೇಕು ಎಂದು ವಾದಿಸಿದರು. ಅದನ್ನು ಈಗ ಪೂರ್ವಭಾವಿ ಸಲಹೆ ಎನ್ನಬಹುದು. ಜೆನಿಫರ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಇನ್ನೊಂದು ಕ್ರಮದಲ್ಲಿ ಮಾತು ವಿದ್ಯಾರ್ಥಿಯ ಕೊರತೆಗಳ ಬದಲು ಅವರು ಈಗಾಗಲೇ ಚೆನ್ನಾಗಿ ಮಾಡಿರುವ ಸಂಗತಿಗಳಿಂದ ಆರಂಭವಾಗುತ್ತದೆ.

ಇವುಗಳ ಉಪಯೋಗ ಯಾವಾಗ ತಿಳಿಯುತ್ತದೆ ಎಂದರೆ, ಒಂದು ಭೇಟಿ ಕೆಟ್ಟುಹೋದಾಗ. ಎರಡು ಕೋರ್ಸ್‌ಗಳಲ್ಲಿ ಫೇಲಾಗಿ ನಾಚಿಕೆಯಿಂದ ಕುಗ್ಗಿರುವ ವಿದ್ಯಾರ್ಥಿಯನ್ನು "ನಿನ್ನ ಕನಸೇನು?" ಎಂದು ಕೇಳಿದರೆ ಉತ್ತರ ಬಾರದು, ಅವರಿಗೆ ಆ ಹೊತ್ತಿಗೆ ಬೇಕಾಗಿರುವುದು ಮುಂದಿನ ವಾರ ಏನು ಮಾಡಬೇಕೆಂಬ ಸ್ಪಷ್ಟ ಸೂಚನೆ. ಗುರಿ ಸ್ಪಷ್ಟವಿರುವ ವಿದ್ಯಾರ್ಥಿಗೆ ಅದೇ ಸೂಚನೆ ಹೇರಿಕೆಯಂತೆ ಕಾಣಬಹುದು. ಯಾವ ಹೊತ್ತಿಗೆ ಯಾವ ಕ್ರಮ ಎಂದು ಆರಿಸಿಕೊಳ್ಳಲು ಒಂದಕ್ಕಿಂತ ಹೆಚ್ಚು ಕ್ರಮಗಳು ಗೊತ್ತಿರಬೇಕಲ್ಲವೇ? ಪ್ರತಿ ಸಿದ್ಧಾಂತವನ್ನೂ ಒಂದು ನಿಜವಾದ ಪ್ರಕರಣದ ಜೊತೆಗಿಟ್ಟು ಚರ್ಚಿಸಬೇಕು, ಇಲ್ಲದಿದ್ದರೆ ಹೆಸರು ಮತ್ತು ಇಸವಿಗಳಷ್ಟೇ ನೆನಪಿನಲ್ಲಿ ಉಳಿಯುತ್ತವೆ.

## ಕಷ್ಟದ ಸಂದರ್ಭಗಳು

ವಿದ್ಯಾರ್ಥಿ ನನ್ನ ಎದುರಿಗೇ "ಬದುಕೇ ಬೇಡ ಅನಿಸುತ್ತಿದೆ" ಎಂದರೆ ಏನು ಮಾಡಬೇಕು? ನಾನೇನು ವೈದ್ಯನಲ್ಲ.

ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಬುದ್ಧಿಮಾತನ್ನೂ ಹೇಳಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಶಾಂತವಾಗಿ, ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬಹಳ ಜನರಲ್ಲಿದೆ, ಆದರೆ ಸಂಶೋಧನೆಗಳು ಅದನ್ನು ಸಮರ್ಥಿಸುವುದಿಲ್ಲ. ಕೇಳುವುದರಿಂದ ಅವರಿಗೆ ಹೇಳಿಕೊಳ್ಳುವ ದಾರಿ ಸಿಗುತ್ತದೆ. ಹೌದೆಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಆಪ್ತಸಮಾಲೋಚನಾ ಕೇಂದ್ರಕ್ಕೆ ಅಥವಾ ತುರ್ತು ಸೇವೆಗೆ ನೀವೇ ಕರೆ ಮಾಡಿ, ಸಾಧ್ಯವಾದರೆ ಜೊತೆಯಲ್ಲೇ ನಡೆದುಹೋಗಿ. "ಯಾರಿಗೂ ಹೇಳಬೇಡಿ" ಎಂದು ಅವರು ಬೇಡಿಕೊಂಡರೆ ಆ ಮಾತು ಕೊಡಬೇಡಿ. ಪ್ರಾಣಕ್ಕೆ ಅಪಾಯವಿರುವಾಗ ಅಗತ್ಯವಿದ್ದವರಿಗೆ ತಿಳಿಸಲೇಬೇಕಾಗುತ್ತದೆ ಎಂದು ಮೆಲ್ಲಗೆ ತಿಳಿಸಿ.

ತರಬೇತಿಯಲ್ಲಿ ಇದನ್ನು ಓದಿ ಬಿಟ್ಟರೆ ಸಾಲದು. ಆ ವಾಕ್ಯವನ್ನು ಬಾಯಿಬಿಟ್ಟು ಕೇಳಿ ಅಭ್ಯಾಸವಿಲ್ಲದವರಿಗೆ ನಿಜವಾದ ಸಂದರ್ಭದಲ್ಲಿ ಗಂಟಲು ಕಟ್ಟುತ್ತದೆ. ಪ್ರತಿಯೊಬ್ಬ ಸಲಹೆಗಾರರೂ ಅದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಬೇಕು. ಕಚೇರಿಯ ವೇಳೆ ಮುಗಿದ ಮೇಲೆ ಕರೆಯಬೇಕಾದ ಸಂಖ್ಯೆ ಯಾವುದು ಎಂಬುದೂ ಪ್ರತಿ ಮೇಜಿನ ಮೇಲೆ ಇರಬೇಕು.

ಪೋಷಕರು ಫೋನ್ ಮಾಡಿ ಮಗಳ ಅಂಕ, ಹಾಜರಾತಿ ಕೇಳುತ್ತಾರೆ. ಹೇಳದಿದ್ದರೆ ಸಿಟ್ಟಾಗುತ್ತಾರೆ. ಏನು ಮಾಡಲಿ?

ಮೊದಲು ನಿಮ್ಮ ದೇಶದ ಕಾನೂನು ಮತ್ತು ಸಂಸ್ಥೆಯ ನಿಯಮ ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಅಮೆರಿಕದಲ್ಲಿ 1974ರ ಫೆರ್ಪಾ ಕಾಯ್ದೆಯ ಪ್ರಕಾರ, ವಿದ್ಯಾರ್ಥಿಗೆ 18 ವರ್ಷ ತುಂಬಿದಾಗ ಅಥವಾ ಅವರು ಉನ್ನತ ಶಿಕ್ಷಣ ಸಂಸ್ಥೆಗೆ ಸೇರಿದಾಗ ಶೈಕ್ಷಣಿಕ ದಾಖಲೆಗಳ ಮೇಲಿನ ಹಕ್ಕು ಪೋಷಕರಿಂದ ವಿದ್ಯಾರ್ಥಿಗೆ ಹೋಗುತ್ತದೆ, ಕೆಲವು ವಿನಾಯಿತಿಗಳಿವೆ. ಬೇರೆ ದೇಶಗಳಲ್ಲಿ ನಿಯಮ ಬೇರೆ ಇರಬಹುದು. ನಿಯಮ ಯಾವುದೇ ಇರಲಿ, ಪೋಷಕರ ಕಳವಳವನ್ನು ಕೇಳಿಸಿಕೊಳ್ಳಲು ಯಾವ ಕಾನೂನೂ ಅಡ್ಡಬರುವುದಿಲ್ಲ. ಈ ಪದವಿಯಲ್ಲಿ ಸಾಮಾನ್ಯವಾಗಿ ಏನೇನು ನಿರೀಕ್ಷಿಸಲಾಗುತ್ತದೆ, ಎಲ್ಲಿ ನೆರವು ಸಿಗುತ್ತದೆ ಎಂಬುದನ್ನು ವಿವರಿಸಬಹುದು. ಮಗಳೊಂದಿಗೆ ನೇರವಾಗಿ ಮಾತನಾಡಲು, ಅವಳು ಒಪ್ಪಿದರೆ ಮೂವರೂ ಒಟ್ಟಿಗೆ ಕೂರಲು ಸೂಚಿಸಬಹುದು. ಫೋನಿನಲ್ಲಿ ಮಾತನಾಡುತ್ತಿರುವವರು ನಿಜಕ್ಕೂ ಪೋಷಕರೇ ಎಂಬುದು ನಿಮಗೆ ಖಚಿತವಿಲ್ಲ ಎಂಬುದನ್ನೂ ಮರೆಯಬೇಡಿ.

ಭೇಟಿಯ ಟಿಪ್ಪಣಿಗಳಲ್ಲಿ ಎಷ್ಟು ಬರೆಯಬೇಕು?

ಮುಂದೆ ಆ ವಿದ್ಯಾರ್ಥಿಯನ್ನು ಕಾಣುವ ಇನ್ನೊಬ್ಬ ಸಲಹೆಗಾರರಿಗೆ ಉಪಯೋಗವಾಗುವಷ್ಟು ಮಾತ್ರ. ಏನು ಚರ್ಚೆಯಾಯಿತು, ಏನು ತೀರ್ಮಾನವಾಯಿತು, ಯಾರು ಯಾವ ದಿನದೊಳಗೆ ಏನು ಮಾಡಬೇಕು. ವಿದ್ಯಾರ್ಥಿ ತಾನೇ ಅದನ್ನು ಓದಿದರೆ ನೋವಾಗುವಂಥ ಮಾತು, ಊಹೆ, ರೋಗದ ಹೆಸರು ಅಲ್ಲಿ ಇರಬಾರದು. "ಸೋಮಾರಿ" ಎಂದು ಬರೆಯುವ ಬದಲು "ಕಳೆದ ಮೂರು ವಾರ ತರಗತಿಗೆ ಬಂದಿಲ್ಲ, ಕಾರಣ ಹೇಳಲಿಲ್ಲ" ಎಂದು ಬರೆಯುವುದು ನ್ಯಾಯವೂ ಹೌದು, ಹೆಚ್ಚು ಉಪಯುಕ್ತವೂ ಹೌದು.

## ತರಬೇತಿ ಏರ್ಪಡಿಸುವವರ ಪ್ರಶ್ನೆಗಳು

ಬಜೆಟ್ ಇಲ್ಲ, ಸಮಯವೂ ಇಲ್ಲ. ವರ್ಷಕ್ಕೊಂದು ದಿನದ ಕಾರ್ಯಾಗಾರ ಸಾಕಲ್ಲವೇ?

ಸಾಕಾಗುವುದಿಲ್ಲ. ಒಂದು ದಿನದಲ್ಲಿ ಆರು ಉಪನ್ಯಾಸ ಕೇಳಿದವರಿಗೆ ಒಂದು ತಿಂಗಳ ಬಳಿಕ ಎಷ್ಟು ನೆನಪಿರುತ್ತದೆ ಎಂಬುದು ಪಾಠ ಮಾಡುವ ಎಲ್ಲರಿಗೂ ಗೊತ್ತು. ಅದೇ ಆರು ಗಂಟೆಯನ್ನು ತಿಂಗಳಿಗೆ ಒಂದು ಗಂಟೆಯಂತೆ ಹಂಚಿದರೆ ಹೆಚ್ಚುವರಿ ವೆಚ್ಚವಿಲ್ಲದೆ ಬಹಳ ಫಲ ಸಿಗುತ್ತದೆ, ಏಕೆಂದರೆ ಪ್ರತಿ ಸಲ ಕಲಿತದ್ದನ್ನು ನಿಜವಾದ ಭೇಟಿಗಳಲ್ಲಿ ಬಳಸಿ, ಎಡವಿದ ಜಾಗವನ್ನು ಮುಂದಿನ ಸಲ ತರಬಹುದು. ಆ ಒಂದು ಗಂಟೆಯ ಸ್ವರೂಪವೂ ಸರಳವಾಗಿರಲಿ: ಒಬ್ಬರು ಹೆಸರು ಮರೆಮಾಚಿ ಒಂದು ಪ್ರಕರಣವನ್ನು ಮುಂದಿಡುತ್ತಾರೆ, ಉಳಿದವರು ಮೊದಲ ಹದಿನೈದು ನಿಮಿಷ ಪ್ರಶ್ನೆಗಳನ್ನು ಮಾತ್ರ ಕೇಳುತ್ತಾರೆ, ಆಮೇಲೆ ಸಲಹೆ. ಹೊರಗಿನಿಂದ ತಜ್ಞರನ್ನು ಕರೆಸುವ ಹಣವಿದ್ದರೆ ವರ್ಷಕ್ಕೊಮ್ಮೆ ಕರೆಸಿ, ಆದರೆ ಅದನ್ನೇ ತರಬೇತಿ ಎಂದು ಎಣಿಸಬೇಡಿ.

ಆನ್‌ಲೈನ್ ತರಬೇತಿಯಿಂದ ಕೆಲಸ ನಡೆಯುತ್ತದೆಯೇ?

ನಿಯಮ, ತಂತ್ರಾಂಶ, ಕಾನೂನು ಕಲಿಯಲು ಆನ್‌ಲೈನ್ ಪಾಠಗಳು ಚೆನ್ನಾಗಿ ಒದಗುತ್ತವೆ; ಬೇಕಾದಾಗ ಮತ್ತೆ ನೋಡಬಹುದು. ಮಾತುಕತೆಯ ಅಭ್ಯಾಸಕ್ಕೆ ಎದುರಿಗೆ ಅಥವಾ ಕನಿಷ್ಠ ವಿಡಿಯೊ ಕರೆಯಲ್ಲಿ ಜನ ಬೇಕು. ವಿದ್ಯಾರ್ಥಿಗಳನ್ನು ಆನ್‌ಲೈನ್‌ನಲ್ಲೇ ಕಾಣುವ ಸಲಹೆಗಾರರು ಅದೇ ಮಾಧ್ಯಮದಲ್ಲಿ ಅಭ್ಯಾಸ ಮಾಡುವುದು ಒಳ್ಳೆಯದು, ಏಕೆಂದರೆ ಪರದೆಯ ಮೌನವನ್ನು ಸಂಪರ್ಕ ಕಡಿದುಹೋಗಿದೆ ಎಂದು ತಪ್ಪು ತಿಳಿಯುವುದು ಬಹಳ ಸುಲಭ.

ನಮ್ಮ ಹಿರಿಯ ಸಲಹೆಗಾರರು "ಇದೆಲ್ಲ ನಮಗೆ ಗೊತ್ತು" ಎಂದು ತರಬೇತಿಗೆ ಬರುವುದಿಲ್ಲ. ಏನು ಮಾಡಬೇಕು?

ಅವರ ಮಾತಿನಲ್ಲಿ ಸತ್ಯವಿದೆ ಎಂದು ಒಪ್ಪಿಕೊಂಡು ಆರಂಭಿಸಿ. ಅವರಿಗೆ ಗೊತ್ತಿರುವುದನ್ನೇ ಮತ್ತೆ ಕೇಳಿಸುವ ತರಬೇತಿಗೆ ಬರಲು ಹಿಂಜರಿಯುವುದು ಸಹಜ. ಅವರಿಗೆ ಪ್ರಕರಣ ಚರ್ಚೆಯನ್ನು ನಡೆಸಿಕೊಡುವ, ಹೊಸಬರ ಭೇಟಿಗಳನ್ನು ನೋಡಿ ಹಿಮ್ಮಾಹಿತಿ ಕೊಡುವ ಜವಾಬ್ದಾರಿ ಕೊಡಿ. ಕಲಿಸಲು ಕುಳಿತಾಗ ತಾವು ಮಾಡುವುದನ್ನು ಮಾತಿನಲ್ಲಿ ವಿವರಿಸಬೇಕಾಗುತ್ತದೆ, ಆಗ ಅವರ ಅಭ್ಯಾಸಗಳು ಅವರಿಗೇ ಹೊಸದಾಗಿ ಕಾಣುತ್ತವೆ. ಬದಲಾದ ನಿಯಮಗಳ ಪರಿಚಯಕ್ಕೆ ಮಾತ್ರ ಯಾರಿಗೂ ವಿನಾಯಿತಿ ಬೇಡ.

ಒಬ್ಬ ಸಲಹೆಗಾರರಿಗೆ 500 ವಿದ್ಯಾರ್ಥಿಗಳಿದ್ದಾರೆ. ಇಂಥ ಕಡೆ ತರಬೇತಿಯಿಂದ ಏನು ಪ್ರಯೋಜನ?

ತರಬೇತಿಯಿಂದ ಈ ಸಮಸ್ಯೆ ಬಗೆಹರಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಲ್ಲ ಸಂಸ್ಥೆಗಳಿಗೂ ಹೊಂದುವ ಒಂದೇ ಸಂಖ್ಯೆ ಎಂಬುದಿಲ್ಲ. ನಕಾಡಾ 2011ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಪೂರ್ಣಾವಧಿ ಸಲಹೆಗಾರರ ಪಾಲಿಗೆ ಬಂದ ವಿದ್ಯಾರ್ಥಿಗಳ ಮಧ್ಯಾಂಕ 296 ಆಗಿತ್ತು, ಆದರೆ ಅದು ಇದ್ದ ಸ್ಥಿತಿಯ ಚಿತ್ರವೇ ಹೊರತು ಇರಬೇಕಾದ ಪ್ರಮಾಣವಲ್ಲ. 500 ಜನರನ್ನು ಸೆಮಿಸ್ಟರಿಗೆ ಒಮ್ಮೆ ಅರ್ಧ ಗಂಟೆ ಕಂಡರೂ 250 ಗಂಟೆ ಬೇಕು. ಟಿಪ್ಪಣಿ, ಪತ್ರ, ಸಭೆಗಳು ಬೇರೆ. ಈ ಲೆಕ್ಕವನ್ನು ಆಡಳಿತದ ಮುಂದಿಡಬೇಕು. ಅಲ್ಲಿಯವರೆಗೆ, ಎಲ್ಲರಿಗೂ ಸಮನಾಗಿ ಬೇಕಾದ ಮಾಹಿತಿಯನ್ನು ಗುಂಪಿನಲ್ಲಿ ಕೊಟ್ಟು, ಒಬ್ಬೊಬ್ಬರನ್ನು ಕಾಣುವ ಸಮಯವನ್ನು ಹೆಚ್ಚು ಅಗತ್ಯವಿರುವವರಿಗೆ ಉಳಿಸುವುದನ್ನು ತರಬೇತಿ ಕಲಿಸಬಹುದು.

## ಮುಂದುವರಿದ ಪ್ರಶ್ನೆಗಳು

ಯಾವ ವಿದ್ಯಾರ್ಥಿ ಅಪಾಯದಲ್ಲಿದ್ದಾರೆ ಎಂದು ಕಂಪ್ಯೂಟರೇ ಹೇಳುತ್ತದೆಯಂತೆ. ಅದನ್ನು ಬಳಸಲು ಸಲಹೆಗಾರರಿಗೆ ಏನು ಕಲಿಸಬೇಕು?

ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2012ರಲ್ಲಿ ಆರಂಭಿಸಿದ ವ್ಯವಸ್ಥೆ ಇದಕ್ಕೆ ಪ್ರಸಿದ್ಧ ಉದಾಹರಣೆ. 800ಕ್ಕೂ ಹೆಚ್ಚು ಸೂಚಕಗಳನ್ನು ಗಮನಿಸಿ, ವಿದ್ಯಾರ್ಥಿ ತಪ್ಪು ಕೋರ್ಸ್‌ಗೆ ನೋಂದಾಯಿಸಿದಾಗ ಅಥವಾ ಪದವಿಗೆ ನಿರ್ಣಾಯಕವಾದ ಕೋರ್ಸ್‌ನಲ್ಲಿ ಕಡಿಮೆ ಅಂಕ ಪಡೆದಾಗ ಅದು ಸಲಹೆಗಾರರನ್ನು ಎಚ್ಚರಿಸುತ್ತದೆ. ಹೀಗೆ ಹೇಳುವಾಗ ಹಲವರು ಬಿಟ್ಟುಬಿಡುವ ಸಂಗತಿ ಎಂದರೆ, ಆ ವಿಶ್ವವಿದ್ಯಾಲಯ ತಂತ್ರಾಂಶದ ಜೊತೆಗೆ ಸಲಹೆಗಾರರ ಸಂಖ್ಯೆಯನ್ನೂ ಗಣನೀಯವಾಗಿ ಹೆಚ್ಚಿಸಿತು. ಎಚ್ಚರಿಕೆ ಬಂದಾಗ ಮಾತನಾಡಲು ಜನವಿಲ್ಲದಿದ್ದರೆ ಎಚ್ಚರಿಕೆಯಿಂದ ಏನೂ ಆಗುವುದಿಲ್ಲ.

ಸಲಹೆಗಾರರಿಗೆ ಕಲಿಸಬೇಕಾದದ್ದು ಮುಖ್ಯವಾಗಿ ಎರಡು. ಸೂಚಕ ಹೇಳುವುದು ಹಿಂದಿನ ವಿದ್ಯಾರ್ಥಿಗಳ ಸರಾಸರಿಯನ್ನು, ಎದುರಿಗಿರುವ ವ್ಯಕ್ತಿಯ ಭವಿಷ್ಯವನ್ನಲ್ಲ. ಹಿಂದೆ ನಡೆದ ಅನ್ಯಾಯಗಳೂ ಆ ಸರಾಸರಿಯೊಳಗೆ ಸೇರಿಕೊಂಡಿರುತ್ತವೆ. ಆದ್ದರಿಂದ "ಇದಕ್ಕಿಂತ ಸುಲಭದ ಪದವಿ ಹಿಡಿ" ಎಂದು ಕೆಲವು ಹಿನ್ನೆಲೆಯವರನ್ನು ಪಕ್ಕಕ್ಕೆ ಸರಿಸಲು ಅದು ನೆಪವಾಗಬಾರದು. ಎರಡನೆಯದು ಮಾತಿನ ಆರಂಭ. "ನೀನು ಅಪಾಯದ ಪಟ್ಟಿಯಲ್ಲಿದ್ದೀಯ" ಎಂದರೆ ವಿದ್ಯಾರ್ಥಿಗೆ ತೀರ್ಪು ಕೇಳಿದಂತಾಗುತ್ತದೆ. "ಅಂಕಿಅಂಶದ ಕೋರ್ಸ್ ಹೇಗೆ ನಡೆಯುತ್ತಿದೆ ಎಂದು ಕೇಳೋಣ ಅನ್ನಿಸಿತು" ಎಂದರೆ ಅವರು ಬಂದು ಕೂರುತ್ತಾರೆ.

ಚಾಟ್‌ಬಾಟ್‌ಗಳೇ ಉತ್ತರ ಕೊಡುವಾಗ ಸಲಹೆಗಾರರು ಇನ್ನೂ ಬೇಕೇ?

ಕೊನೆಯ ದಿನಾಂಕ, ಅರ್ಜಿಯ ನಮೂನೆ, ಕಚೇರಿಯ ವೇಳೆ ಇಂಥವನ್ನು ಅವು ಹೇಳಲಿ. ಸಲಹೆಗಾರರಿಗೆ ಸಮಯ ಉಳಿಯುತ್ತದೆ. ಆದರೆ ಅವು ತಪ್ಪನ್ನೂ ಆತ್ಮವಿಶ್ವಾಸದಿಂದ ಹೇಳುತ್ತವೆ. ಪದವಿ ಪೂರ್ಣಗೊಳ್ಳುವುದಕ್ಕೆ ಸಂಬಂಧಿಸಿದ ಯಾವ ಉತ್ತರವನ್ನೂ ಮೂಲ ನಿಯಮದೊಂದಿಗೆ ಹೋಲಿಸದೆ ವಿದ್ಯಾರ್ಥಿಗೆ ತಲುಪಿಸಬಾರದು, ವಿದ್ಯಾರ್ಥಿಯ ಖಾಸಗಿ ವಿವರಗಳನ್ನು ಅವುಗಳಿಗೆ ಒಪ್ಪಿಸಬಾರದು. ಈ ಎರಡನ್ನು ಪ್ರತಿ ತರಬೇತಿಯಲ್ಲೂ ಹೇಳಬೇಕು.

ತರಬೇತಿ ಫಲ ಕೊಟ್ಟಿತೆಂದು ಹೇಗೆ ತಿಳಿಯುವುದು? ಮೇಲಿನವರು ಅಂಕಿಅಂಶ ಕೇಳುತ್ತಾರೆ.

ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಮಟ್ಟಗಳು ಇಲ್ಲಿ ನೆರವಾಗುತ್ತವೆ: ಭಾಗವಹಿಸಿದವರಿಗೆ ಹೇಗನ್ನಿಸಿತು, ಏನು ಕಲಿತರು, ಕೆಲಸದಲ್ಲಿ ನಡವಳಿಕೆ ಬದಲಾಯಿತೇ, ಕೊನೆಗೆ ಫಲಿತಾಂಶವೇನು. ಹೆಚ್ಚಿನ ಸಂಸ್ಥೆಗಳು ಮೊದಲ ಮಟ್ಟದಲ್ಲೇ ನಿಲ್ಲುತ್ತವೆ. ದಿನದ ಕೊನೆಗೆ ತುಂಬಿಸಿಕೊಂಡ ನಮೂನೆಯಲ್ಲಿ ಊಟದ ವ್ಯವಸ್ಥೆಯ ಬಗ್ಗೆಯೇ ಹೆಚ್ಚು ಅಭಿಪ್ರಾಯವಿರುತ್ತದೆ. ಇನ್ನು ಕೆಲವು ಆತುರದಿಂದ ನಾಲ್ಕನೆಯದಕ್ಕೆ ಹಾರಿ, ತರಬೇತಿಯ ನಂತರ ಎಷ್ಟು ವಿದ್ಯಾರ್ಥಿಗಳು ಉಳಿದರು ಎಂದು ಲೆಕ್ಕ ಹಾಕುತ್ತವೆ. ಶುಲ್ಕ, ಆರ್ಥಿಕ ಸ್ಥಿತಿ, ಪಠ್ಯಕ್ರಮದ ಬದಲಾವಣೆ ಎಲ್ಲವೂ ಆ ಸಂಖ್ಯೆಯ ಮೇಲೆ ಪರಿಣಾಮ ಬೀರುವುದರಿಂದ ಅದರ ಶ್ರೇಯಸ್ಸನ್ನಾಗಲಿ ದೋಷವನ್ನಾಗಲಿ ತರಬೇತಿಗೆ ಕಟ್ಟುವುದು ಸರಿಯಲ್ಲ.

ನಾನು ಒತ್ತಿ ಹೇಳುವುದು ಮೂರನೆಯ ಮಟ್ಟವನ್ನು. ತರಬೇತಿಗೆ ಮುಂಚೆ ಮತ್ತು ಮೂರು ತಿಂಗಳ ಬಳಿಕ ಒಂದೇ ಮಾನದಂಡದಿಂದ ಕೆಲವು ಭೇಟಿಗಳನ್ನು, ಒಪ್ಪಿಗೆ ಪಡೆದು, ಗಮನಿಸಿ. ಟಿಪ್ಪಣಿಗಳಲ್ಲಿ ಮುಂದಿನ ಹೆಜ್ಜೆ ಸ್ಪಷ್ಟವಾಗಿ ದಾಖಲಾಗಿದೆಯೇ ನೋಡಿ. ಬೇರೆ ಕೇಂದ್ರಗಳಿಗೆ ಕಳುಹಿಸಿದ ವಿದ್ಯಾರ್ಥಿಗಳು ನಿಜಕ್ಕೂ ಅಲ್ಲಿಗೆ ತಲುಪಿದರೇ ವಿಚಾರಿಸಿ. ವಿದ್ಯಾರ್ಥಿಗಳನ್ನು "ಸಲಹೆಗಾರರು ಚೆನ್ನಾಗಿದ್ದಾರೆಯೇ" ಎಂದು ಕೇಳುವ ಬದಲು "ನಿಮ್ಮ ಪದವಿ ಮುಗಿಸಲು ಇನ್ನೇನು ಬಾಕಿ ಇದೆ ಎಂದು ವಿವರಿಸಬಲ್ಲಿರಾ" ಎಂದು ಕೇಳಿ.

ದಿನವಿಡೀ ಬೇರೆಯವರ ಕಷ್ಟ ಕೇಳಿ ನಾನೇ ಬರಿದಾಗಿದ್ದೇನೆ. ಇದಕ್ಕೂ ತರಬೇತಿ ಇದೆಯೇ?

ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಈ ಬಗೆಯ ದಣಿವನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಗುರುತಿಸಿದೆ, ರೋಗವೆಂದಲ್ಲ. ಬಳಲಿಕೆ, ಕೆಲಸದ ಬಗ್ಗೆ ಮನಸ್ಸು ದೂರವಾಗುವುದು, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ ಇದರ ಮೂರು ಲಕ್ಷಣಗಳು. ಎರಡನೆಯದನ್ನು ವಿಶೇಷವಾಗಿ ಗಮನಿಸಿ: ವಿದ್ಯಾರ್ಥಿಗಳ ಕಥೆಗಳೆಲ್ಲ ಒಂದೇ ಎನಿಸತೊಡಗಿದರೆ ಅದು ನಿಮ್ಮ ಕಟುತನವಲ್ಲ, ದಣಿವಿನ ಸೂಚನೆ. ಉದ್ಯೋಗದಿಂದ ಬಂದದ್ದಕ್ಕೆ ಉದ್ಯೋಗದಲ್ಲೇ ಪರಿಹಾರ ಬೇಕು: ಭೇಟಿಗಳ ನಡುವೆ ಹತ್ತು ನಿಮಿಷ ಬಿಡುವು, ಕಠಿಣ ಭೇಟಿಯ ನಂತರ ಸಹೋದ್ಯೋಗಿಯೊಂದಿಗೆ ಮಾತನಾಡುವ ಅವಕಾಶ, ವಿದ್ಯಾರ್ಥಿಗಳ ಸಂಖ್ಯೆಯ ಮರುಹಂಚಿಕೆ. ಉಸಿರಾಟದ ಅಭ್ಯಾಸವನ್ನಷ್ಟೇ ಕಲಿಸಿ ಕೆಲಸದ ಹೊರೆಯನ್ನು ಹಾಗೆಯೇ ಬಿಡುವ ತರಬೇತಿ, ದಣಿದವರ ಮೇಲೆಯೇ ಹೊಣೆ ಹೊರಿಸುತ್ತದೆ. ದಣಿವು ನಿದ್ದೆ, ಊಟಕ್ಕೂ ತಟ್ಟಿದ್ದರೆ ವೈದ್ಯರನ್ನು ಕಾಣಲು ತಡಮಾಡಬೇಡಿ.

ಇನ್ನೊಬ್ಬರಿಗೆ ತರಬೇತಿ ಕೊಡುವ ಮಟ್ಟಕ್ಕೆ ನಾನು ಯಾವಾಗ ಬರುತ್ತೇನೆ?

ವರ್ಷಗಳ ಲೆಕ್ಕದಿಂದ ಇದನ್ನು ತೀರ್ಮಾನಿಸಲಾಗದು. ನಿಮ್ಮ ಒಂದು ಭೇಟಿಯನ್ನು ಸಹೋದ್ಯೋಗಿಗಳ ಮುಂದಿಟ್ಟು, ಅದರಲ್ಲಿ ಪ್ರತಿ ಪ್ರಶ್ನೆಯನ್ನು ಯಾಕೆ ಕೇಳಿದಿರಿ, ಯಾವುದನ್ನು ಬೇಕೆಂದೇ ಕೇಳಲಿಲ್ಲ ಎಂದು ವಿವರಿಸಲು ಸಾಧ್ಯವಾದರೆ, ಮತ್ತು ನಿಮಗಿಂತ ಬೇರೆ ಶೈಲಿಯವರ ಭೇಟಿ ನೋಡಿ ಅದರ ಬಲವನ್ನು ಗುರುತಿಸಲು ಬಂದರೆ, ಆರಂಭಿಸಬಹುದು. ಮೊದಲು ಒಬ್ಬ ಹೊಸಬರ ಜೊತೆಗಾರರಾಗಿ ಒಂದು ಸೆಮಿಸ್ಟರ್ ನಡೆಯಿರಿ. ನಂತರ ಪ್ರಕರಣ ಚರ್ಚೆಯೊಂದನ್ನು ನಡೆಸಿ. ನಿಮ್ಮ ಸಂಸ್ಥೆಯಲ್ಲಿ ಪದೇ ಪದೇ ಎದುರಾಗುವ ಸನ್ನಿವೇಶಗಳನ್ನು ಗುರುತು ಸಿಗದಂತೆ ಬದಲಿಸಿ ಅಭ್ಯಾಸದ ಚೀಟಿಗಳನ್ನು ಬರೆಯಲು ಈಗಿನಿಂದಲೇ ತೊಡಗಿ. ಹೊರಗಿನಿಂದ ತಂದ ಯಾವ ಸಾಮಗ್ರಿಗಿಂತಲೂ ನಿಮ್ಮ ವಿದ್ಯಾರ್ಥಿಗಳಿಗೆ ಹತ್ತಿರವಾದ ಆ ಚೀಟಿಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ.